ಟ್ಯಾರೋ: ಆಟದ ಎಲೆಗಳಲ್ಲಿ ಅರಳಿದ ಗೂಢತತ್ತ್ವ

ಟ್ಯಾರೋ ಕಾರ್ಡುಗಳ ಕಟ್ಟಿನಿಂದ 13ನೆಯ ಎಲೆ ಹೊರಬಂದರೆ ಭವಿಷ್ಯ ಕೇಳಲು ಬಂದವರ ಮುಖ ಕಳೆಗುಂದುವುದು ಸಹಜ. ಬಿಳಿ ಕುದುರೆಯನ್ನೇರಿದ ಕವಚಧಾರಿ ಅಸ್ಥಿಪಂಜರ, ಕೈಯಲ್ಲಿ ಕಪ್ಪು ಬಾವುಟ, ನೆಲಕ್ಕುರುಳಿದ ರಾಜ. ಎಲೆಯ ಹೆಸರೇ 'ಮೃತ್ಯು'. ಆದರೆ ಈ ವಿದ್ಯೆಯಲ್ಲಿ ಪಳಗಿದವರು ಅದನ್ನು ಸಾವಿನ ಮುನ್ಸೂಚನೆಯೆಂದು ಸಾಮಾನ್ಯವಾಗಿ ಓದುವುದಿಲ್ಲ. ಬಾವುಟದ ಮೇಲೆ ಬಿಳಿ ಗುಲಾಬಿಯಿದೆ. ದೂರದಲ್ಲಿ ಎರಡು ಗೋಪುರಗಳ ನಡುವೆ ಸೂರ್ಯನಿದ್ದಾನೆ. ಒಂದು ಅವಸ್ಥೆ ಅಳಿದು ಇನ್ನೊಂದು ಮೊದಲಾಗುವುದರ ಸಂಕೇತವಿದು ಎಂಬುದು ಅವರ ವಿವರಣೆ.

ಟ್ಯಾರೋ ಕಟ್ಟಿನಲ್ಲಿ ಒಟ್ಟು 78 ಎಲೆಗಳು. ಅವುಗಳಲ್ಲಿ 56 ಎಲೆಗಳು ದಂಡ, ಪಾತ್ರೆ, ಖಡ್ಗ, ನಾಣ್ಯ ಎಂಬ ನಾಲ್ಕು ಪಂಗಡಗಳಿಗೆ ಸೇರಿದ್ದು, ಕ್ರಮವಾಗಿ ಅಗ್ನಿ, ಜಲ, ವಾಯು, ಭೂಮಿ ತತ್ತ್ವಗಳನ್ನು ಪ್ರತಿನಿಧಿಸುತ್ತವೆ ಎನ್ನಲಾಗುತ್ತದೆ. ಉಳಿದ 22 ಎಲೆಗಳನ್ನು 'ಮೇಜರ್ ಅರ್ಕಾನಾ', ಅಂದರೆ ಮಹಾರಹಸ್ಯಗಳು ಎಂದು ಕರೆಯುತ್ತಾರೆ. ಇವುಗಳ ಸಾಲನ್ನು ಜೀವಾತ್ಮದ ಯಾತ್ರೆಯೆಂದು ಭಾವಿಸುವವರುಂಟು. ಗಂಟನ್ನು ಹೆಗಲಿಗೇರಿಸಿ ಪ್ರಪಾತದ ಅಂಚಿನಲ್ಲಿ ಹೆಜ್ಜೆಯಿಡುವ 'ಮರುಳ'ನ ಸಂಖ್ಯೆ ಸೊನ್ನೆ. ಹೂಮಾಲೆಯ ವೃತ್ತದೊಳಗೆ ನರ್ತಿಸುವ 'ಜಗತ್ತು' 21ನೆಯದು. ಅಜ್ಞಾನದಿಂದ ಪೂರ್ಣತೆಯೆಡೆಗಿನ ಪಯಣ ಇವೆರಡರ ನಡುವೆ ಹರಡಿಕೊಂಡಿದೆ.

ಇಷ್ಟೆಲ್ಲ ಅರ್ಥ ಹೊತ್ತ ಎಲೆಗಳು ಹುಟ್ಟಿದ್ದು ಮಾತ್ರ ಆಟಕ್ಕಾಗಿ. 15ನೇ ಶತಮಾನದಲ್ಲಿ ಉತ್ತರ ಇಟಲಿಯ ಶ್ರೀಮಂತರು ಇವುಗಳಿಂದ ಇಸ್ಪೀಟು ಆಡುತ್ತಿದ್ದರು. ಇಂದಿನ ಮಹಾರಹಸ್ಯಗಳು ಅಂದು ಬಹುಮಟ್ಟಿಗೆ ತುರುಪಿನ ಎಲೆಗಳಷ್ಟೇ. 1781ರಲ್ಲಿ ಫ್ರಾನ್ಸಿನ ವಿದ್ವಾಂಸ ಕೋರ್ ದ ಜೆಬೆಲಿನ್, ಇವು ಪ್ರಾಚೀನ ಈಜಿಪ್ಟಿನ ಜ್ಞಾನಗ್ರಂಥದ ಅವಶೇಷಗಳೆಂದು ಸಾರಿದ. ಈಜಿಪ್ಟಿನ ಚಿತ್ರಲಿಪಿಯನ್ನು ಅಂದಿಗೆ ಯಾರೂ ಓದಬಲ್ಲವರಾಗಿರಲಿಲ್ಲ. 1822ರಲ್ಲಿ ಶಾಂಪೋಲಿಯನ್ ಆ ಲಿಪಿಯ ಗುಟ್ಟು ಬಿಡಿಸಿದ ಬಳಿಕವೂ ಜೆಬೆಲಿನ್‌ನ ವಾದಕ್ಕೆ ಆಧಾರ ದೊರೆಯಲಿಲ್ಲ.

ಆದರೂ ಗೂಢಾರ್ಥದ ಬಳ್ಳಿ ಹಬ್ಬುತ್ತಲೇ ಹೋಯಿತು. 1850ರ ದಶಕದಲ್ಲಿ ಎಲಿಫಾಸ್ ಲೆವಿ 22 ಎಲೆಗಳನ್ನು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳೊಡನೆ ಜೋಡಿಸಿ, ಯಹೂದಿ ಅನುಭಾವ ಪರಂಪರೆಯಾದ ಕಬ್ಬಾಲಾದ ಚೌಕಟ್ಟನ್ನು ಒದಗಿಸಿದ. 1888ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ 'ಗೋಲ್ಡನ್ ಡಾನ್' ಎಂಬ ರಹಸ್ಯ ಸಂಘ ಅದಕ್ಕೆ ಗ್ರಹ, ರಾಶಿಗಳನ್ನೂ ಹೊಂದಿಸಿತು. ಇದೇ ಸಂಘದ ಸದಸ್ಯರಾಗಿದ್ದ ಆರ್ಥರ್ ವೇಟ್ ಅವರ ಸೂಚನೆಯಂತೆ ಚಿತ್ರಕಲಾವಿದೆ ಪಮೆಲಾ ಕೋಲ್ಮನ್ ಸ್ಮಿತ್ ಬರೆದ ಚಿತ್ರಗಳ ಕಟ್ಟು 1909ರಲ್ಲಿ ಪ್ರಕಟವಾಯಿತು. ಅಲ್ಲಿಯವರೆಗೆ ಸಣ್ಣ ಎಲೆಗಳಲ್ಲಿ ಬಹುತೇಕ ಪಂಗಡದ ಗುರುತುಗಳಷ್ಟೇ ಇರುತ್ತಿದ್ದವು. ಸ್ಮಿತ್ ಅವುಗಳಲ್ಲಿ ಬಹುಪಾಲು ಎಲೆಗಳಲ್ಲಿ ಮನುಷ್ಯರ ದುಃಖ, ಸಂಭ್ರಮ, ದುಗುಡಗಳನ್ನು ಚಿತ್ರಿಸಿದರು. ಆದರೆ ಪ್ರಕಾಶಕರ ಮತ್ತು ವೇಟ್ ಅವರ ಹೆಸರಿನಿಂದ ಆ ಕಟ್ಟು 'ರೈಡರ್-ವೇಟ್' ಎಂದು ಪ್ರಸಿದ್ಧವಾಯಿತು. ಸ್ಮಿತ್ ಅವರ ಹೆಸರು ಬಹುಕಾಲ ಮರೆಯಲ್ಲೇ ಉಳಿಯಿತು.

ಈ ಎಲೆಗಳು ನಾಳೆಯನ್ನು ನುಡಿಯಬಲ್ಲವು ಎಂಬುದಕ್ಕೆ ವೈಜ್ಞಾನಿಕ ಪುರಾವೆಯಿಲ್ಲ. ಕಲೆಸಿದ ಕಟ್ಟಿನಿಂದ ಯಾವ ಎಲೆ ಮೇಲೆ ಬರುವುದೆಂಬುದು ಕೇವಲ ಆಕಸ್ಮಿಕ. ಆದರೆ ಎದುರಿಗಿರುವ ಚಿತ್ರವನ್ನು ನೋಡಿ ತನ್ನ ಬದುಕಿನ ಯಾವ ನೆನಪನ್ನು, ಯಾವ ಭಯವನ್ನು ಅದಕ್ಕೆ ಹೊಂದಿಸಿಕೊಳ್ಳಬೇಕೆಂಬುದು ನೋಡುವವನ ಮನಸ್ಸಿನ ಕೆಲಸ. ಆದ್ದರಿಂದ ಮೃತ್ಯುವಿನ ಎಲೆ ಕಂಡು ಬೆದರಿದವರು ಪರಿಹಾರಕ್ಕೆಂದು ಹಣ ಸುರಿಯುವ ಮುನ್ನ, ಆ ಬೆದರಿಕೆ ಕಾಗದದಲ್ಲಿದೆಯೋ ತಮ್ಮೊಳಗೇ ಇದೆಯೋ ಎಂದು ವಿಚಾರಿಸಿಕೊಳ್ಳುವುದು ಲೇಸು.