ಕೆಂಪು ನಾಬ್ ಎಳೆದರೆ ಎಂಜಿನ್ ಬಿಸಿಯಾಗುತ್ತಾ, ತಣ್ಣಗಾಗುತ್ತಾ?

ಇವತ್ತಿನ ಸಂಚಿಕೆ ಒಂದು ಕೆಂಪು ನಾಬ್ ಬಗ್ಗೆ.

ಸೆಸ್ನಾ 172 ಥರದ ನಾಲ್ಕು ಸೀಟಿನ ಪುಟ್ಟ ವಿಮಾನದ ಕಾಕ್‌ಪಿಟ್ ಫೋಟೊ ಒಂದನ್ನು ಫೋನಿನಲ್ಲಿ ತೆಗೆದು ನೋಡಿ. ಪ್ಯಾನೆಲ್ಲಿನ ಕೆಳಗೆ, ನಡುವಿನಲ್ಲಿ ಎರಡು ನಾಬ್ ಕಾಣುತ್ತವೆ. ಕಪ್ಪಗಿರೋದು ಥ್ರಾಟಲ್, ಅಂದ್ರೆ ನಮ್ಮ ಬೈಕಿನ ಆಕ್ಸಿಲರೇಟರ್ ಇದ್ದ ಹಾಗೆ. ಪಕ್ಕದ ಕೆಂಪು ನಾಬ್ ಹೆಸರು ಮಿಕ್ಸ್ಚರ್. ಅದನ್ನು ಪೂರ್ತಿ ಒಳಗೆ ತಳ್ಳಿದ್ರೆ ಗಾಳಿಯ ಜೊತೆ ಪೆಟ್ರೋಲ್ ಜಾಸ್ತಿ ಸೇರುತ್ತೆ. ಹೊರಗೆ ಎಳೀತಾ ಹೋದ ಹಾಗೆ ಪೆಟ್ರೋಲ್ ಕಮ್ಮಿಯಾಗುತ್ತೆ. ಪೂರ್ತಿ ಎಳೆದ್ರೆ ಎಂಜಿನ್ ನಿಂತೇ ಹೋಗುತ್ತೆ. ಜಾಸ್ತಿ ಇದ್ರೆ ‘ರಿಚ್’, ಕಮ್ಮಿ ಇದ್ರೆ ‘ಲೀನ್’. ನಮ್ಮ ಬೈಕ್ ಮೆಕ್ಯಾನಿಕ್‌ಗಳು ಬಳಸೋದೂ ಇದೇ ಎರಡು ಪದ.

ಹಾರಾಟ ಕಲಿಯೋರ ಕಿವಿಗೆ ಬೀಳೋ ಒಂದು ಮಾತಿದೆ: ‘ಲೀನ್ ಮಾಡಬೇಡ, ಎಂಜಿನ್ ಸುಟ್ಟುಹೋಗುತ್ತೆ.’ ಅದರ ಎದುರು ಇನ್ನೊಂದು ಮಾತೂ ಇದೆ: ‘ಸರಿಯಾಗಿ ಲೀನ್ ಮಾಡಿದ್ರೆ ಎಂಜಿನ್ ತಣ್ಣಗಿರುತ್ತೆ.’ ಎರಡರಲ್ಲೂ ಸತ್ಯ ಇದೆ, ಎರಡೂ ಅರ್ಧ. ಗಾಳಿಯಲ್ಲಿ ಇರುವಾಗ ಅರ್ಧ ಸತ್ಯ ನಂಬಿಕೊಂಡ್ರೆ ಏನಾಗಬಹುದು, ಆ ಇನ್ನರ್ಧ ಯಾವುದು ಅನ್ನೋದನ್ನೇ ನಾನಿವತ್ತು ಹೇಳೋಕೆ ಹೊರಟಿದ್ದೀನಿ.

ಈ ನಾಬ್ ಯಾಕಾದ್ರೂ ಬೇಕು?

ಇವತ್ತಿನ ಕಾರು, ಬೈಕುಗಳಲ್ಲಿ ಒಂದು ಪುಟ್ಟ ಕಂಪ್ಯೂಟರ್ ಇರುತ್ತೆ. ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಅಂತ ಅದೇ ಲೆಕ್ಕ ಹಾಕುತ್ತೆ. ಆದ್ರೆ ಲೈಕಮಿಂಗ್, ಕಾಂಟಿನೆಂಟಲ್ ಕಂಪನಿಗಳ ಎಂಜಿನ್‌ಗಳ ಮೂಲ ವಿನ್ಯಾಸ ಹಲವು ದಶಕಗಳ ಹಿಂದಿನದು. ಗಾಳಿಯಿಂದಲೇ ತಣ್ಣಗಾಗಬೇಕು. ಕಿಡಿ ಕೊಡೋದು ಮ್ಯಾಗ್ನೆಟೊ. ಬಹುಪಾಲು ಎಂಜಿನ್‌ಗಳಲ್ಲಿ ಕಿಡಿ ಹಾರುವ ಹೊತ್ತು ಕೂಡ ಬದಲಾಗಲ್ಲ. ಪಿಸ್ಟನ್ ಮೇಲಿನ ತುದಿ ಮುಟ್ಟೋಕೆ ಸುಮಾರು 20–25 ಡಿಗ್ರಿ ಮೊದಲೇ ಕಿಡಿ ಹಾರಿಬಿಡುತ್ತೆ. ಇಂಥ ಎಂಜಿನ್‌ನಲ್ಲಿ ಪೆಟ್ರೋಲಿನ ಲೆಕ್ಕ ಪೈಲಟ್ ಕೈಯಲ್ಲೇ.

ಪೆಟ್ರೋಲ್ ಪೂರ್ತಿ ಉರಿಯೋಕೆ ತೂಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು. ಮೇಲೆ ಹೋದಂತೆ ಗಾಳಿ ತೆಳುವಾಗುತ್ತೆ. 18,000 ಅಡಿ ಎತ್ತರಕ್ಕೆ ಹೋದ್ರೆ ಒತ್ತಡ ಸಮುದ್ರಮಟ್ಟದ ಅರ್ಧ ಮಾತ್ರ. ಪೆಟ್ರೋಲ್ ಮಾತ್ರ ಆ ಲೆಕ್ಕದಲ್ಲಿ ಕಮ್ಮಿಯಾಗಲ್ಲ. ಹಾಗಾಗಿ ನಾಬ್ ಮುಟ್ಟದೇ ಇದ್ರೂ ಮಿಶ್ರಣ ತಾನಾಗೇ ರಿಚ್ ಆಗ್ತಾ ಹೋಗುತ್ತೆ. ಹಳೇ ಕಾರ್ಬ್ಯುರೇಟರ್ ಬೈಕ್ ಲಡಾಖ್‌ಗೆ ತಗೊಂಡು ಹೋದವರಿಗೆ ಇದು ಚೆನ್ನಾಗಿ ಗೊತ್ತು: ಗಾಡಿ ಎಳೆಯಲ್ಲ, ಪ್ಲಗ್ ಬಿಚ್ಚಿ ನೋಡಿದ್ರೆ ಕಪ್ಪು ಮಸಿ.

ನಮ್ಮ ಬೆಂಗಳೂರಲ್ಲೂ ಇದು ಬರೀ ಥಿಯರಿ ಅಲ್ಲ. ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇರೋ ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಬಿಸಿಲು 30 ಡಿಗ್ರಿ ಇರೋ ಮಧ್ಯಾಹ್ನ ಲೆಕ್ಕ ಹಾಕಿದ್ರೆ, ಅಲ್ಲಿನ ಗಾಳಿ ಹೆಚ್ಚುಕಡಿಮೆ 5,500 ಅಡಿ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತೆ. ನೆಲ ಬಿಡೋಕೆ ಮೊದಲೇ! ಸೆಸ್ನಾ 172ರ ಕೈಪಿಡಿ ಕೂಡ 3,000 ಅಡಿಗಿಂತ ಮೇಲಿನ ನಿಲ್ದಾಣದಿಂದ ಹೊರಡುವಾಗ ನಿಂತಲ್ಲೇ ಪೂರ್ತಿ ಥ್ರಾಟಲ್ ಕೊಟ್ಟು, ಎಂಜಿನ್ ಅತಿ ಹೆಚ್ಚು ಸುತ್ತು ತಿರುಗೋ ತನಕ ಲೀನ್ ಮಾಡಿ ಅನ್ನುತ್ತೆ. ಮಾಡದಿದ್ರೆ ಬೇಕಾದ ಶಕ್ತಿ ಬರಲ್ಲ, ರನ್‌ವೇ ಮಾತ್ರ ಮುಗಿದುಹೋಗುತ್ತೆ.

ಹೊಗೆಯ ಬಿಸಿ ಬೇರೆ, ಪಾತ್ರೆಯ ಬಿಸಿ ಬೇರೆ

ಈಗ ಬಿಸಿಯ ವಿಷಯಕ್ಕೆ ಬರೋಣ. ಎರಡು ಮೀಟರ್ ಇವೆ. ಒಂದು ಇಜಿಟಿ, ಅಂದ್ರೆ ಸೈಲೆನ್ಸರ್ ಕಡೆ ಹೋಗೋ ಸುಟ್ಟ ಅನಿಲದ ಉಷ್ಣಾಂಶ. ಇದು 800 ಡಿಗ್ರಿ ಸೆಲ್ಸಿಯಸ್ ಆಸುಪಾಸು ತೋರಿಸುತ್ತೆ. ಇನ್ನೊಂದು ಸಿಎಚ್‌ಟಿ, ಅಂದ್ರೆ ಸಿಲಿಂಡರ್ ಹೆಡ್ಡಿನ ಉಷ್ಣಾಂಶ. ಇದು ಸಾಮಾನ್ಯವಾಗಿ 150ರಿಂದ 200 ಡಿಗ್ರಿ.

ಸೌದೆ ಒಲೆ ನೆನಪಿಸಿಕೊಳ್ಳಿ. ಹೊಗೆಗೂಡಿನಿಂದ ಹೊರಗೆ ಹೋಗೋ ಹೊಗೆ ಎಷ್ಟು ಬಿಸಿ ಅನ್ನೋದು ಇಜಿಟಿ. ಒಲೆ ಮೇಲಿನ ಪಾತ್ರೆ ಎಷ್ಟು ಬಿಸಿ ಅನ್ನೋದು ಸಿಎಚ್‌ಟಿ. ಹೊಗೆ ತುಂಬಾ ಬಿಸಿ ಇದ್ರೆ ಪಾತ್ರೆಯೂ ಸುಡ್ತಾ ಇರಬೇಕು ಅಂತೇನಿಲ್ಲ. ಬಿಸಿ ಪಾತ್ರೆಗೆ ತಗಲದೆ ಗೂಡಿನಲ್ಲಿ ಹೊರಗೆ ಹೋಗ್ತಿರಬಹುದು. ಎಂಜಿನ್ನಿನಲ್ಲೂ ಹಾಗೇ. ಬಿರುಕು ಬಿಡೋದು, ಸವೆಯೋದು ಅಲ್ಯೂಮಿನಿಯಂ ಹೆಡ್. ಅಲ್ಯೂಮಿನಿಯಂ ಬಿಸಿಯಾದಷ್ಟೂ ಬಲ ಕಳಕೊಳ್ಳುತ್ತೆ. ಹಾಗಾಗಿ ಜ್ವರ ನೋಡಬೇಕಾದದ್ದು ಸಿಎಚ್‌ಟಿಯಲ್ಲಿ. ಇಜಿಟಿ ಇರೋದು ಮಿಶ್ರಣ ಯಾವ ಜಾಗದಲ್ಲಿದೆ ಅಂತ ತೋರಿಸೋಕೆ.

ಅದು ಹೇಗೆ ತೋರಿಸುತ್ತೆ? ಕೆಂಪು ನಾಬ್ ಪೂರ್ತಿ ಒಳಗಿದೆ ಅಂದ್ಕೊಳ್ಳಿ. ನಿಧಾನವಾಗಿ ಎಳೀತಾ ಬನ್ನಿ. ಇಜಿಟಿ ಏರುತ್ತೆ, ಒಂದು ತುದಿ ಮುಟ್ಟುತ್ತೆ, ಇನ್ನೂ ಎಳೆದ್ರೆ ಇಳಿಯೋಕೆ ಶುರುವಾಗುತ್ತೆ. ಆ ತುದಿಗೆ ‘ಪೀಕ್’ ಅಂತಾರೆ. ಪೀಕ್‌ಗೆ ಮೊದಲಿನದು ರಿಚ್ ಕಡೆ, ದಾಟಿದ ಮೇಲಿನದು ಲೀನ್ ಕಡೆ.

ಸಿಎಚ್‌ಟಿ ಕೂಡ ಹೀಗೇ ಏರಿ ಇಳಿಯುತ್ತೆ, ಆದ್ರೆ ಅದೇ ಜಾಗದಲ್ಲಲ್ಲ. ಹೆಡ್ ಅತಿ ಬಿಸಿಯಾಗೋದು ಇಜಿಟಿ ಪೀಕ್ ಮುಟ್ಟೋಕೆ ಮೊದಲೇ, ಇನ್ನೂ ಸುಮಾರು 25–30 ಡಿಗ್ರಿ ಸೆಲ್ಸಿಯಸ್ ರಿಚ್ ಕಡೆ ಇರುವಾಗ. ಕಾರಣ, ಅಲ್ಲಿ ಬೆಂಕಿ ತುಂಬಾ ವೇಗವಾಗಿ ಹರಡುತ್ತೆ. ಕಿಡಿಯ ಹೊತ್ತು ಬದಲಾಗಲ್ಲವಲ್ಲ, ಹಾಗಾಗಿ ಒತ್ತಡ ಬೇಗ ಏರುತ್ತೆ, ಪಿಸ್ಟನ್ ಇನ್ನೂ ತುದಿಯ ಹತ್ತಿರ ಇರುವಾಗಲೇ. ಜೋಕಾಲಿ ಇನ್ನೂ ಪೂರ್ತಿ ಹಿಂದಕ್ಕೆ ಬರೋಕೆ ಮೊದಲೇ ತಳ್ಳಿದ ಹಾಗೆ: ಜೋಕಾಲಿಗೆ ವೇಗ ಸಿಗಲ್ಲ, ನಿಮ್ಮ ಕೈಗೆ ಪೆಟ್ಟು.

ಇನ್ನೂ ರಿಚ್ ಮಾಡಿದ್ರೆ ಬೆಂಕಿ ನಿಧಾನ ಆಗುತ್ತೆ, ಹೆಡ್ ತಣ್ಣಗಾಗುತ್ತೆ. ಪೀಕ್ ದಾಟಿ ಲೀನ್ ಕಡೆ ಹೋದ್ರೂ ಬೆಂಕಿ ನಿಧಾನ ಆಗುತ್ತೆ, ಆಗಲೂ ಹೆಡ್ ತಣ್ಣಗಾಗುತ್ತೆ. ಹಾಗಾಗಿ ನಮ್ಮ ಪ್ರಶ್ನೆಗೆ ಉತ್ತರ ‘ಎಲ್ಲಿಂದ ಎಲ್ಲಿಗೆ ಎಳೆದ್ರಿ?’ ಅನ್ನೋದರ ಮೇಲೆ ನಿಂತಿದೆ. ಪೂರ್ತಿ ರಿಚ್‌ನಿಂದ ಸ್ವಲ್ಪ ಎಳೆದು ಅಲ್ಲೇ ಬಿಟ್ರೆ ಬಿಸಿ. ಪೀಕ್ ದಾಟಿ ಎಳೆದ್ರೆ ತಂಪು. ಎಲ್ಲಕ್ಕಿಂತ ಕೆಟ್ಟ ಜಾಗ ಎರಡರ ನಡುವೆ. ‘ಜಾಸ್ತಿ ಬೇಡಪ್ಪಾ, ಒಂಚೂರು ಲೀನ್ ಮಾಡೋಣ’ ಅಂತ ಹೆದರಿಕೊಂಡು ಎಳೆಯೋರು ಬಂದು ನಿಲ್ಲೋದು ಸರಿಯಾಗಿ ಇಲ್ಲೇ.

ಶಕ್ತಿ ಎಷ್ಟು ಹಾಕ್ತಿದ್ದೀರಿ?

ಇನ್ನರ್ಧ ಸತ್ಯ ಇದು: ಮಿಶ್ರಣ ಎಲ್ಲಿದೆ ಅನ್ನೋದರ ಜೊತೆ, ಎಂಜಿನ್ ಎಷ್ಟು ದುಡೀತಿದೆ ಅನ್ನೋದೂ ಸೇರಬೇಕು. ಅರ್ಧ ಶಕ್ತಿಯಲ್ಲಿ ನಿಧಾನ ಹೋಗುವಾಗ ನಾಬ್ ಎಲ್ಲಿಟ್ರೂ ಮಿಶ್ರಣದಿಂದ ಎಂಜಿನ್ ಕೆಡಿಸೋದು ಕಷ್ಟ. ಟೇಕಾಫ್ ಹೊತ್ತಲ್ಲಿ ಪೂರ್ತಿ ಶಕ್ತಿ ಇರುವಾಗ ಆ ನಡುವಿನ ಜಾಗಕ್ಕೆ ಬಂದ್ರೆ ನಾಕಿಂಗ್ ಆಗಬಹುದು. ಬೈಕ್‌ನಲ್ಲಿ ‘ಕಟಕಟ’ ಅಂತ ಕೇಳಿಸೋ ನಾಕಿಂಗ್ ಇದೇ. ವಿಮಾನದ ಸದ್ದಿನಲ್ಲಿ ಅದು ಕೇಳಿಸೋದೇ ಇಲ್ಲ. ಜೋರಾದ ನಾಕಿಂಗ್ ಸ್ವಲ್ಪ ಹೊತ್ತಿನಲ್ಲೇ ಪಿಸ್ಟನ್ ತೂತು ಮಾಡಬಲ್ಲದು. ಅದಕ್ಕೇ ಟರ್ಬೊ ಇಲ್ಲದ ಎಂಜಿನ್‌ಗಳ ಅನೇಕ ಕೈಪಿಡಿಗಳು ಕ್ರೂಸ್‌ನಲ್ಲಿ, ಶೇ 75 ಅಥವಾ ಅದಕ್ಕಿಂತ ಕಮ್ಮಿ ಶಕ್ತಿಯಲ್ಲಿ ಮಾತ್ರ ಲೀನ್ ಮಾಡಿ ಅನ್ನೋದು.

2000ನೇ ಇಸವಿ ಮೇ 31ರ ಸಂಜೆ, ದಕ್ಷಿಣ ಆಸ್ಟ್ರೇಲಿಯಾದಲ್ಲಿ, ಅಡಿಲೇಡ್‌ನಿಂದ ವೈಯಲ್ಲಾ ಊರಿಗೆ ಒಂದು ಪೈಪರ್ ಚೀಫ್‌ಟನ್ ಹೊರಟಿತ್ತು. ಎರಡು ಎಂಜಿನ್, ಪೈಲಟ್ ಸೇರಿ 8 ಜನ. ಸ್ಪೆನ್ಸರ್ ಕೊಲ್ಲಿ ದಾಟುವಾಗ ಎರಡೂ ಎಂಜಿನ್ ಕೈಕೊಟ್ಟವು. ಕತ್ತಲಲ್ಲಿ ವಿಮಾನ ಸಮುದ್ರಕ್ಕೆ ಇಳಿಯಿತು. 8 ಜನರಲ್ಲಿ ಯಾರೂ ಬದುಕಲಿಲ್ಲ. ಮೇಲೆತ್ತಿ ನೋಡಿದಾಗ ಒಂದು ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಮುರಿದಿತ್ತು. ಇನ್ನೊಂದರ ಸಿಲಿಂಡರ್‌ನಲ್ಲಿ ಲೋಹ ಕರಗಿ ತೂತಾಗಿತ್ತು.

ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಸಂಸ್ಥೆ 2001ರ ವರದಿಯಲ್ಲಿ ಲೀನ್ ಮಾಡುವ ಪದ್ಧತಿ ಕಡೆಗೆ ಬೊಟ್ಟು ಮಾಡಿತು. ಅದರಿಂದ ಸಿಲಿಂಡರ್ ಒಳಗೆ ಸೀಸದ ಪದರ ಕಟ್ಟಿ ಹಾನಿ ಶುರುವಾಯ್ತು ಅನ್ನೋದು ಅದರ ವಾದ. ಆದ್ರೆ 2002ರಲ್ಲಿ ಲೋಹದಲ್ಲೇ ದೋಷ ಇದೆ ಅಂತ ಎಂಜಿನ್ ಕಂಪನಿ ಹಲವು ಕ್ರ್ಯಾಂಕ್‌ಶಾಫ್ಟ್‌ಗಳನ್ನು ವಾಪಸ್ ಕರೆಸಿಕೊಂಡಿತು. 2003ರಲ್ಲಿ ಅಲ್ಲಿನ ಕೊರೊನರ್ ಆ ಸಂಸ್ಥೆಯ ವಾದವನ್ನು ಒಪ್ಪಲಿಲ್ಲ. ಈ ಪ್ರಕರಣದ ಸುತ್ತ ಪೈಲಟ್‌ಗಳ ನಡುವೆ ದೊಡ್ಡ ಚರ್ಚೆಯೇ ಆಯ್ತು. ನನಗೆ ಅದರಲ್ಲಿ ಕಾಣೋದು ಇಷ್ಟು: ‘ಲೀನ್ ಮಾಡಿದ್ರು’ ಅನ್ನೋ ಎರಡು ಪದದಿಂದ ಏನೂ ಗೊತ್ತಾಗಲ್ಲ. ಪೀಕ್‌ನಿಂದ ಎಷ್ಟು ದೂರ, ಯಾವ ಕಡೆ, ಎಷ್ಟು ಶಕ್ತಿಯಲ್ಲಿ, ಹೆಡ್ ಎಷ್ಟು ಬಿಸಿ ಅನ್ನೋ ನಾಲ್ಕು ಪ್ರಶ್ನೆ ಕೇಳದೆ ತಪ್ಪು-ಸರಿ ಹೇಳೋಕಾಗಲ್ಲ.

ಲೀನ್ ಮಾಡದೇ ಇರೋದೂ ಅಪಾಯವೇ

ಹಾಗಾದ್ರೆ ಸದಾ ರಿಚ್ ಇಟ್ಟುಕೊಂಡ್ರೆ ಕ್ಷೇಮ ಅಲ್ವಾ? ಅಲ್ಲ. ಕೈಪಿಡಿಯಲ್ಲಿ ‘ಇಷ್ಟು ಪೆಟ್ರೋಲ್‌ಗೆ ಇಷ್ಟು ದೂರ’ ಅಂತ ಕೊಟ್ಟಿರೋದು ಸರಿಯಾಗಿ ಲೀನ್ ಮಾಡಿದ ಲೆಕ್ಕ. ಕ್ರೂಸ್‌ನಲ್ಲಿ ಗಂಟೆಗೆ 30 ಲೀಟರ್ ಆಸುಪಾಸು ಕುಡಿಯೋ ಎಂಜಿನ್, ಪೂರ್ತಿ ರಿಚ್ ಬಿಟ್ರೆ ಇನ್ನೂ ಐದಾರು ಲೀಟರ್ ಜಾಸ್ತಿ ಕುಡಿಯಬಹುದು. ಪುಸ್ತಕದ ಪ್ರಕಾರ ಇನ್ನೂ ಇರಬೇಕಾದ ಪೆಟ್ರೋಲ್ ಟ್ಯಾಂಕಿನಲ್ಲಿ ಇರಲ್ಲ.

ಇದನ್ನು ಯುದ್ಧದಲ್ಲಿ ತೋರಿಸಿಕೊಟ್ಟವರು ಚಾರ್ಲ್ಸ್ ಲಿಂಡ್‌ಬರ್ಗ್. 1927ರಲ್ಲಿ ಒಬ್ಬರೇ ನ್ಯೂಯಾರ್ಕ್‌ನಿಂದ ಪ್ಯಾರಿಸ್‌ಗೆ 33 ಗಂಟೆಗೂ ಹೆಚ್ಚು ಹೊತ್ತು ಹಾರಿದವರು. 1944ರಲ್ಲಿ ಅವರು ನ್ಯೂಗಿನಿಯಲ್ಲಿದ್ದ ಅಮೆರಿಕದ ಪಿ-38 ಯುದ್ಧವಿಮಾನದ ಪೈಲಟ್‌ಗಳ ಜೊತೆ ಹಾರಿದ್ರು. ಹಾರಾಟ ಮುಗಿಸಿ ಬಂದಾಗ ಅವರ ಟ್ಯಾಂಕ್‌ನಲ್ಲಿ ಉಳಿದಿರ್ತಿದ್ದ ಪೆಟ್ರೋಲ್ ಉಳಿದವರಿಗಿಂತ ಎಷ್ಟೋ ಜಾಸ್ತಿ. ಗುಟ್ಟು ಏನಂದ್ರೆ, ಎಂಜಿನ್ ಸುತ್ತು ಕಮ್ಮಿ, ಒಳಗಿನ ಒತ್ತಡ ಜಾಸ್ತಿ, ಮಿಶ್ರಣ ಲೀನ್. ಎಂಜಿನ್ ಹಾಳಾಗುತ್ತೆ ಅಂತ ಅಲ್ಲೂ ಪೈಲಟ್‌ಗಳು ಹೆದರಿದ್ರು. ಆಮೇಲೆ ಅದೇ ವಿಮಾನಗಳು 9 ಗಂಟೆಯಷ್ಟು ಹೊತ್ತು ಹಾರಿ ಬರೋ ಹಾಗಾಯ್ತು.

ರಿಚ್ ಇಡೋದರ ಇನ್ನೊಂದು ತೊಂದರೆ ಸೀಸ. ಈ ಎಂಜಿನ್‌ಗಳು ಕುಡಿಯೋ ನೀಲಿ ಬಣ್ಣದ 100 ಎಲ್‌ಎಲ್ ಪೆಟ್ರೋಲ್‌ನಲ್ಲಿ ನಾಕಿಂಗ್ ತಡೆಯೋಕೆ ಸೀಸ ಬೆರೆಸಿರ್ತಾರೆ. ನೆಲದ ಮೇಲೆ ರಿಚ್ ಮಿಶ್ರಣದಲ್ಲಿ ತುಂಬಾ ಹೊತ್ತು ನಿಧಾನ ಓಡಿಸಿದ್ರೆ ಪ್ಲಗ್‌ಗಳಲ್ಲಿ ಸೀಸ ಕಟ್ಟಿಕೊಳ್ಳುತ್ತೆ. ಅದಕ್ಕೇ ಟ್ಯಾಕ್ಸಿ ಮಾಡುವಾಗ ಚೆನ್ನಾಗಿ ಲೀನ್ ಮಾಡೋದು ಒಳ್ಳೇ ಅಭ್ಯಾಸ. ಟೇಕಾಫ್‌ಗೆ ಮೊದಲು ಮತ್ತೆ ಸರಿಯಾದ ಜಾಗಕ್ಕೆ ತರೋದನ್ನು ಮಾತ್ರ ಮರೀಬಾರದು.

ಎಲ್ಲ ಸಿಲಿಂಡರ್ ಒಂದೇ ಥರ ಇರಲ್ಲ

‘ಹಾಗಾದ್ರೆ ಎಲ್ಲರೂ ಪೀಕ್ ದಾಟಿಸಿ ಹಾರಬಹುದಲ್ಲ?’ ಅಂತ ಕೇಳಬಹುದು. ಎಲ್ಲ ಎಂಜಿನ್‌ಗೂ ಅದು ಆಗಲ್ಲ. ಕಾರ್ಬ್ಯುರೇಟರ್ ಇರೋ ಎಂಜಿನ್‌ನಲ್ಲಿ ನಾಲ್ಕೂ ಸಿಲಿಂಡರ್‌ಗೆ ಪೆಟ್ರೋಲ್ ಸಮನಾಗಿ ಹೋಗಲ್ಲ. ಒಂದು ಸಿಲಿಂಡರ್ ಪೀಕ್ ದಾಟಿದಾಗ ಇನ್ನೊಂದು ಆ ಬಿಸಿ ಜಾಗದಲ್ಲೇ ಕೂತಿರುತ್ತೆ. ಒಂದೊಂದರ ಶಕ್ತಿ ಒಂದೊಂದು ಥರ ಆಗಿ ಎಂಜಿನ್ ಅದುರುತ್ತೆ. 1990ರ ದಶಕದಲ್ಲಿ ಅಮೆರಿಕದ ಒಕ್ಲಹೋಮಾದ ಗ್ಯಾಮಿ ಅನ್ನೋ ಕಂಪನಿ ಪ್ರತಿ ಸಿಲಿಂಡರ್‌ಗೂ ಅದರ ಗಾಳಿಗೆ ತಕ್ಕ ಅಳತೆಯ ಇಂಜೆಕ್ಟರ್ ಮಾಡಿ ಕೊಟ್ಟಿತು. ಅದರ ಜೊತೆ ಪ್ರತಿ ಸಿಲಿಂಡರ್ ಬಿಸಿಯನ್ನೂ ಬೇರೆ ಬೇರೆ ತೋರಿಸೋ ಎಂಜಿನ್ ಮಾನಿಟರ್ ಬಂದ ಮೇಲೆ, ಪೀಕ್ ದಾಟಿ ಹಾರೋದು ಪುಟ್ಟ ವಿಮಾನಗಳಲ್ಲೂ ಸಾಧ್ಯವಾಯ್ತು.

ಒಂದೇ ಮೀಟರ್ ಇರೋ ಹಳೇ ವಿಮಾನದಲ್ಲಿ ಏನು ಮಾಡ್ತಾರೆ? ಎಂಜಿನ್ ಸ್ವಲ್ಪ ಅದುರೋ ತನಕ ನಿಧಾನವಾಗಿ ಎಳೆದು, ಮತ್ತೆ ನಯವಾಗಿ ಓಡೋ ತನಕ ಒಳಗೆ ತಳ್ಳುತ್ತಾರೆ. ಕಣ್ಣು ಸಿಎಚ್‌ಟಿ ಮೇಲೆ. ಲೈಕಮಿಂಗ್‌ನ ಅನೇಕ ಎಂಜಿನ್‌ಗಳಿಗೆ ಗರಿಷ್ಠ ಮಿತಿ 260 ಡಿಗ್ರಿ ಸೆಲ್ಸಿಯಸ್. ಆದ್ರೆ ಎಂಜಿನ್ ಬಾಳಿಕೆ ಬರಬೇಕಂದ್ರೆ ಕ್ರೂಸ್‌ನಲ್ಲಿ 205ರಿಂದ 225ರ ಒಳಗಿಡಿ ಅಂತ ಕಂಪನಿಯೇ ಹೇಳುತ್ತೆ. ಮೇಲೆ ಹತ್ತುವಾಗ ಏರ್ತಾ ಇದ್ರೆ ಮೂತಿ ಸ್ವಲ್ಪ ಕೆಳಗೆ ಮಾಡಿ ವೇಗ ಹೆಚ್ಚಿಸಬೇಕು, ಗಾಳಿ ಜಾಸ್ತಿ ತಗಲುತ್ತೆ. ಮಿಶ್ರಣ ರಿಚ್ ಮಾಡಬೇಕು. ಆಗಲೂ ಇಳೀಲಿಲ್ಲ ಅಂದ್ರೆ ಶಕ್ತಿ ಕಮ್ಮಿ ಮಾಡಬೇಕು.

ಈ ಕೆಂಪು ನಾಬ್ ಮುಂದೆ ಎಷ್ಟು ದಿನ ಇರುತ್ತೋ! ಬೆಂಗಳೂರಿನ ಎನ್‌ಎಎಲ್ ತಯಾರಿಸಿದ, 2021ರ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಹಾರಿದ ಹನ್ಸ-ಎನ್‌ಜಿಯ ರೋಟ್ಯಾಕ್ಸ್ ಎಂಜಿನ್‌ನಲ್ಲಿ ಪೆಟ್ರೋಲಿನ ಲೆಕ್ಕ ಕಂಪ್ಯೂಟರೇ ನೋಡಿಕೊಳ್ಳುತ್ತೆ. ಆದ್ರೂ ಜಗತ್ತಿನ ಸಾವಿರಾರು ತರಬೇತಿ ವಿಮಾನಗಳಲ್ಲಿ ಆ ನಾಬ್ ಇನ್ನೂ ಇದೆ. ನೀವು ಹಾರಾಟ ಕಲೀತಿದ್ರೆ ಅಥವಾ ಕಲಿಯೋ ಆಸೆ ಇದ್ರೆ, ನಿಮ್ಮ ವಿಮಾನದ ಕೈಪಿಡಿಯ ಮಿಕ್ಸ್ಚರ್ ಭಾಗವನ್ನು ಒಮ್ಮೆ ಪೂರ್ತಿ ಓದಿ; ಕೊನೆಯ ಮಾತು ಅದರದ್ದೇ. ಓದಿದ ಮೇಲೆ ಇನ್‌ಸ್ಟ್ರಕ್ಟರ್ ಹತ್ರ ಆ ನಾಲ್ಕು ಪ್ರಶ್ನೆ ಕೇಳಿ: ಪೀಕ್‌ನಿಂದ ಎಷ್ಟು ದೂರ, ಯಾವ ಕಡೆ, ಎಷ್ಟು ಶಕ್ತಿ, ಹೆಡ್ ಎಷ್ಟು ಬಿಸಿ?