ಹಸಿ ಅವರೆಯ ‘ಫಲಾಫಲ’

ಪುಷ್ಯಮಾಸದ ಚಳಿ ಕಾಲಿಟ್ಟಿತೆಂದರೆ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಸೊಗಡಿನ ಅವರೆಯದೇ ಮಾತು. ಗುಜರಾತಿನಲ್ಲಿ ನೆಲೆಸಿರುವ ಕನ್ನಡಿಗರು ಈ ವಿಷಯದಲ್ಲಿ ನಿರಾಶರಾಗಬೇಕಾದುದಿಲ್ಲ. ಸೂರತ್ತಿನ ಕತಾರಗಾಮದ ಹೆಸರಿನೊಡನೆ ಬೆರೆತುಹೋಗಿರುವ ಪಾಪಡಿಯು ನಮ್ಮ ಅವರೆಯ ಕುಲದ್ದೇ ಆಗಿದೆ. ಉತ್ತರಾಯಣದ ಊಂಧಿಯುವಿಗೆ ಅದೇ ಜೀವಾಳ. ಅಹಮದಾಬಾದಿನ ಜಮಾಲಪುರದಲ್ಲಾಗಲಿ, ವಡೋದರದ ಖಂಡೇರಾವ್ ಮಾರುಕಟ್ಟೆಯಲ್ಲಾಗಲಿ ಈ ಋತುವಿನಲ್ಲಿ ಪಾಪಡಿಗೆ ಕೊರತೆಯಿಲ್ಲ.

ಈಚಿನ ವರ್ಷಗಳಲ್ಲಿ ನಗರದ ಮಕ್ಕಳು ಬಯಸುವ ‘ಫಲಾಫೆಲ್’ ಎಂಬ ಅರಬ್ಬೀ ತಿಂಡಿಯು ನಮ್ಮ ಅಂಬೊಡೆಯ ಸಮೀಪದ ಬಂಧು. ಲೆಬನಾನ್, ಸಿರಿಯಾ ಕಡೆ ಅದನ್ನು ಕಡಲೆಯಿಂದ ಮಾಡುತ್ತಾರೆ. ಈಜಿಪ್ಟಿನಲ್ಲಿ ಅದರ ಹೆಸರು ‘ತಾಮಿಯಾ’. ಅಲ್ಲಿ ಬಳಸುವುದು ‘ಫಾವಾ’ ಅಥವಾ ಬ್ರಾಡ್ ಬೀನ್ಸ್. ಉತ್ತರ ಭಾರತದವರು ಇದನ್ನೇ ‘ಬಾಕಲಾ’ ಎನ್ನುತ್ತಾರೆ. ಫಾವಾದ ಬದಲು ಹಸಿ ಅವರೆಕಾಳಿನಿಂದಲೂ ಈ ತಿಂಡಿಯನ್ನು ಸೊಗಸಾಗಿ ಮಾಡಬಹುದು.

ಕಾಲು ಕಿಲೋ ಬಲಿತ ಹಸಿ ಅವರೆಕಾಳನ್ನು ನೆನೆಸಿ ಹಿದುಕಿಕೊಳ್ಳಬೇಕು. ಅವರೆಯನ್ನು ಹಸಿಯಾಗಿ ತಿನ್ನುವುದು ಹಿತವಲ್ಲ. ಜೀರ್ಣಕ್ರಿಯೆಗೆ ಅಡ್ಡಿಪಡಿಸುವ ಅದರಲ್ಲಿನ ಕೆಲವು ಅಂಶಗಳು ಬೇಯಿಸಿದಾಗ ತಗ್ಗುತ್ತವೆ. ಆದುದರಿಂದ ಹಿದುಕಿದ ಬೇಳೆಯನ್ನು ಹತ್ತು ನಿಮಿಷ ಕುದಿಸಿ, ನೀರನ್ನು ಬಸಿದು ಚೆಲ್ಲಿ, ಬಟ್ಟೆಯ ಮೇಲೆ ಹರಡಿ ಆರಿಸಬೇಕು. ಒಣಕಾಳಿಗಿಂತ ಹಸಿಕಾಳಿನಲ್ಲಿ ನೀರಿನಂಶ ಹೆಚ್ಚು. ತೇವ ಉಳಿದರೆ ಉಂಡೆಯು ಎಣ್ಣೆಯಲ್ಲಿ ಒಡೆದುಹೋಗುತ್ತದೆ. ಇದಕ್ಕೆ ಪರಿಹಾರವಾಗಿ 100 ಗ್ರಾಂ ಕಡಲೆಬೇಳೆಯನ್ನು ಮೂರು ಗಂಟೆ ನೆನೆಸಿ, ನೀರು ಸೇರಿಸದೆ ತರಿತರಿಯಾಗಿ ರುಬ್ಬಿ ಬೆರೆಸತಕ್ಕದ್ದು. ಈರುಳ್ಳಿ, ಕೊತ್ತಂಬರಿ ಸೊಪ್ಪು, ಪುದೀನ, ಹಸಿಮೆಣಸು, ಹುರಿದ ಜೀರಿಗೆ ಮತ್ತು ಧನಿಯದ ಪುಡಿಯೊಂದಿಗೆ ಇಲ್ಲಿ ಚಳಿಗಾಲದಲ್ಲಿ ದೊರೆಯುವ ಹಸಿರು ಬೆಳ್ಳುಳ್ಳಿಯನ್ನೂ ಹೆಚ್ಚಿ ಹಾಕಿದರೆ ಪರಿಮಳ ಇಮ್ಮಡಿಸುತ್ತದೆ. ಉಪ್ಪು ನೀರು ಬಿಡಿಸುವುದರಿಂದ ಅದನ್ನು ಕೊನೆಯಲ್ಲಿ ಹಾಕಿ, ಕೂಡಲೇ ಚಿಕ್ಕ ಬಿಲ್ಲೆಗಳಾಗಿ ತಟ್ಟಿ ಹದವಾದ ಉರಿಯಲ್ಲಿ ಕರಿಯಬೇಕು. ಎಣ್ಣೆ ವರ್ಜ್ಯವಾದವರಿಗೆ ಪಡ್ಡಿನ ಕಾವಲಿಯೇ ಸಾಕು. ಮೊಸರಿನಲ್ಲಿ ಕಲಸಿದ ಎಳ್ಳಿನ ಚಟ್ನಿ ಇದಕ್ಕೆ ಒಳ್ಳೆಯ ಜೊತೆ.

ರುಚಿಯ ಮಾತು ಇಷ್ಟಾಯಿತು. ‘ಫಲಾಫಲ’ವೆಂದರೆ ಒಳಿತು ಕೆಡಕು ಎರಡೂ ಅಲ್ಲವೇ? ಅವರೆಗೆ ಬದಲಾಗಿ ನಿಜವಾದ ಬಾಕಲಾ ಬಳಸುವವರು ಒಂದು ಸಂಗತಿಯನ್ನು ಅವಶ್ಯವಾಗಿ ತಿಳಿದಿರಬೇಕು. ಬಾಕಲಾದ ಕಾಯಿ ದಪ್ಪ. ಒಳಗೆ ಬಿಳಿಯ ಮಖಮಲ್ಲಿನಂಥ ಪದರವಿರುತ್ತದೆ. ಕೊಲ್ಲಿ ರಾಷ್ಟ್ರಗಳಿಂದ ಬಂಧುಗಳು ತರುವ ಡಬ್ಬಿಗಳಲ್ಲಿ ‘ಫೂಲ್’ ಎಂದಿದ್ದರೆ ಅದೂ ಇದೇ ಕಾಳು.

ಕೆಲವರ ಕೆಂಪು ರಕ್ತಕಣಗಳಲ್ಲಿ ‘ಜಿ-6-ಪಿಡಿ’ ಎಂಬ ಕಿಣ್ವವು ಹುಟ್ಟಿನಿಂದಲೇ ಕಡಿಮೆಯಿರುತ್ತದೆ. ಬಾಕಲಾದಲ್ಲಿರುವ ವಿಸಿನ್ ಮೊದಲಾದ ದ್ರವ್ಯಗಳು ಅಂಥವರ ರಕ್ತಕಣಗಳನ್ನು ಒಡೆಯಬಲ್ಲವು. ಇದಕ್ಕೆ ‘ಫೇವಿಸಂ’ ಎಂದು ಹೆಸರು. ತಿಂದ ಒಂದೆರಡು ದಿನಗಳಲ್ಲಿ ಮೈ ಬಿಳಿಚುವುದು, ಕಣ್ಣು ಹಳದಿಯಾಗುವುದು, ಮೂತ್ರವು ಚಹದ ಕಷಾಯದ ಬಣ್ಣಕ್ಕೆ ತಿರುಗುವುದು, ಅತಿಯಾದ ಆಯಾಸ ಇವು ಅದರ ಲಕ್ಷಣಗಳು. ಚಿಕ್ಕ ಮಕ್ಕಳಲ್ಲಿ ಇದು ಪ್ರಾಣಾಂತಿಕವೂ ಆಗಬಹುದು. ಮನೆಮದ್ದಿನಲ್ಲಿ ಕಾಲಹರಣ ಮಾಡದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಬೇಯಿಸಿದ ಮಾತ್ರಕ್ಕೆ ಈ ಅಪಾಯ ಸಂಪೂರ್ಣವಾಗಿ ತಪ್ಪದೆಂಬುದನ್ನೂ ನೆನಪಿಡಬೇಕು.

ಈ ನ್ಯೂನತೆಯು ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುವುದರಿಂದ ಅವರಲ್ಲಿಯೇ ಹೆಚ್ಚಾಗಿ ಕಾಣಿಸುತ್ತದೆ. ಗುಜರಾತೂ ಸೇರಿದಂತೆ ಭಾರತದ ಅನೇಕ ಭಾಗಗಳಲ್ಲಿ ಇದು ಕಂಡುಬಂದಿದೆ. ಮಲೇರಿಯಾಕ್ಕೆ ಕೊಡುವ ಪ್ರಿಮಾಕ್ವಿನ್ ಗುಳಿಗೆ, ಬಟ್ಟೆಗಳ ನಡುವೆ ಇಡುವ ನ್ಯಾಫ್ತಲೀನ್ ಗುಂಡು ಇವೂ ಇಂಥವರಿಗೆ ಅಪಾಯಕಾರಿ. ಶಿಶುವಿಗೆ ತೀವ್ರ ಕಾಮಾಲೆಯಾಗಿದ್ದರೆ, ಇಲ್ಲವೆ ಸೋದರಮಾವಂದಿರಲ್ಲಿ ಯಾರಿಗಾದರೂ ಔಷಧಿಯಿಂದ ರಕ್ತ ಕುಂದಿದ್ದರೆ, ವೈದ್ಯರಿಗೆ ತಿಳಿಸಿ ರಕ್ತಪರೀಕ್ಷೆ ಮಾಡಿಸುವುದು ಜಾಣತನ. ದೋಷವಿರುವುದು ತಿಳಿದುಬಂದಲ್ಲಿ ಆ ವರದಿಯನ್ನು ಜೋಪಾನವಾಗಿಟ್ಟು ಪ್ರತಿ ಚಿಕಿತ್ಸೆಯ ವೇಳೆಯಲ್ಲಿಯೂ ತೋರಿಸತಕ್ಕದ್ದು.

ಪರಊರಿನಲ್ಲಿರುವ ನಮಗೆ ಮನೆತನದ ಕಾಯಿಲೆಗಳ ವಿವರ ಹೇಳುವ ಹಿರಿಯರು ಹತ್ತಿರದಲ್ಲಿರುವುದಿಲ್ಲ. ಊರಿಗೆ ಪತ್ರ ಬರೆದೋ, ದೂರವಾಣಿಯಲ್ಲಿಯೋ ಅವರನ್ನು ಒಮ್ಮೆ ಕೇಳಿ ತಿಳಿದುಕೊಳ್ಳಿರಿ. ವಿಷಯ ಸ್ಪಷ್ಟವಾಗುವವರೆಗೆ ಬಾಕಲಾ ಬೇಡ. ಅವರೆಯ ಬಿಲ್ಲೆಗಳು ಸಂಕ್ರಾಂತಿಯ ಸಂಜೆಗೆ ಸಾಕಷ್ಟು ಕಳೆ ತಂದಾವು.