ಮೂರು ಲಂಬಕೋನಗಳ ತ್ರಿಭುಜ!

ಮಕ್ಕಳೇ, ಶಾಲಾ ಪ್ರವಾಸದಲ್ಲಿ ಬಾದಾಮಿಗೆ ಹೋಗಿದ್ದೀರಾ? ಗದಗದಿಂದ ರೋಣದ ಹಾದಿ ಹಿಡಿದರೆ ದೂರವೇನಲ್ಲ. ಅಲ್ಲಿ 6ನೇ ಶತಮಾನದಲ್ಲಿ ಕೊರೆದ ಒಂದನೆಯ ಗುಹೆಯ ಬಳಿ, ತ್ರಿಶೂಲ ಹಿಡಿದ ದ್ವಾರಪಾಲಕನ ಕೆಳಗೆ ಒಂದು ಶಿಲ್ಪವಿದೆ. ಆನೆ ಮತ್ತು ಎತ್ತು ಎರಡಕ್ಕೂ ಸೇರಿ ಒಂದೇ ತಲೆ! ದೂರ ನಿಂತು, ಅಂಗೈ ಅಡ್ಡ ಹಿಡಿದು ಒಂದು ದೇಹವನ್ನು ಮರೆ ಮಾಡಿದರೆ ಆನೆ ಕಾಣುತ್ತದೆ. ಇನ್ನೊಂದನ್ನು ಮರೆ ಮಾಡಿದರೆ ಎತ್ತು. ಕಲ್ಲು ಬದಲಾಗಲಿಲ್ಲ, ನಮ್ಮ ಮಿದುಳು ಕಟ್ಟಿಕೊಂಡ ಅರ್ಥ ಬದಲಾಯಿತು. ಇದು ದೃಷ್ಟಿಭ್ರಮೆ.

ಇದಕ್ಕಿಂತ ತುಂಟ ಚಿತ್ರವೊಂದಿದೆ. ಮೂರು ಚೌಕ ತೊಲೆಗಳನ್ನು ಜೋಡಿಸಿದ ತ್ರಿಭುಜ. ಯಾವ ಮೂಲೆಯನ್ನು ನೋಡಿದರೂ ಎರಡು ತೊಲೆಗಳು ಲಂಬಕೋನದಲ್ಲಿ ಕೂಡಿದಂತೆಯೇ ತೋರುತ್ತದೆ. ಮೂರು ಲಂಬಕೋನ ಎಂದರೆ 270 ಡಿಗ್ರಿ. ಆದರೆ ತ್ರಿಭುಜದ ಕೋನಗಳ ಮೊತ್ತ 180 ಡಿಗ್ರಿ ಎಂದು ನೀವು ಕಲಿತಿದ್ದೀರಲ್ಲ? ತಪ್ಪು ಗಣಿತದ್ದೋ, ಕಣ್ಣಿನದೋ?

ಸ್ವೀಡನ್ನಿನ ಚಿತ್ರಕಾರ ಆಸ್ಕರ್ ರಾಯ್ಟರ್ಸ್‌ವಾರ್ಡ್ 1934ರಲ್ಲಿ ಒಂಬತ್ತು ಘನಗಳಿಂದ ಇಂಥ ಚಿತ್ರ ಬರೆದರು. 1958ರಲ್ಲಿ ಇಂಗ್ಲೆಂಡಿನ ಲಯನೆಲ್ ಪೆನ್‌ರೋಸ್ ಮತ್ತು ಅವರ ಮಗ ರೋಜರ್ ತೊಲೆಗಳ ತ್ರಿಭುಜವನ್ನು ಪ್ರಕಟಿಸಿದರು. ಅದೇ ರೋಜರ್ 2020ರಲ್ಲಿ ನೊಬೆಲ್ ಬಹುಮಾನ ಪಡೆದರು. ಅದು ಕಪ್ಪುಕುಳಿಗಳ ಸಂಶೋಧನೆಗೆ, ತ್ರಿಭುಜಕ್ಕಲ್ಲ!

ಮನೆ, ಯಂತ್ರಗಳ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬಿಡಿಸುವ ತಂತ್ರಾಂಶಕ್ಕೆ ಕ್ಯಾಡ್ ಎನ್ನುತ್ತಾರೆ. ಫ್ರೀಕ್ಯಾಡ್ ಎಂಬುದು ಹಣವಿಲ್ಲದೆ ಸಿಗುತ್ತದೆ. ಇದರಲ್ಲಿ ಪ್ರತಿ ತೊಲೆಯ ಸ್ಥಾನವನ್ನೂ ಉದ್ದ, ಅಗಲ, ಎತ್ತರದ ಅಂಕಿಗಳಲ್ಲಿ ಕೊಡಬೇಕು. ಆಗ ಎರಡು ಮೂಲೆಗಳು ಲಂಬಕೋನದಲ್ಲಿ ಕೂಡುತ್ತವೆ. ಮೂರನೆಯದು ಕೂಡುವುದೇ ಇಲ್ಲ. ಆದರೂ ತೆರೆಯ ಮೇಲೆ ಕೂಡಿದಂತೆ ತೋರಿಸಬಹುದು. ಹೇಗೆ?

10 ಸೆಂ.ಮೀ. ಅಂಚಿನ ಒಂದು ಘನವನ್ನು ಊಹಿಸಿಕೊಳ್ಳಿ. ಹಿಂದಿನ ಎಡ ಕೆಳಮೂಲೆಯಿಂದ ಇರುವೆಯೊಂದು ಹೊರಟಿದೆ. ಒಂದು ಅಂಚಿನ ಮೇಲೆ ನಿಮ್ಮ ಕಡೆಗೆ ಬಂತು, ಮುಂದಿನ ಅಂಚಿನ ಮೇಲೆ ಬಲಕ್ಕೆ ಹೋಯಿತು, ಆಮೇಲೆ ನೇರ ಮೇಲಕ್ಕೆ ಹತ್ತಿತು. ಅದು ನಡೆದ ಮೂರು ಅಂಚುಗಳನ್ನಷ್ಟೇ ಉಳಿಸಿ. ಈಗ ಇರುವೆ ತಲುಪಿದ ತುದಿಯು ಹೊರಟ ತುದಿಗೆ ಸರಿಯಾಗಿ ಅಡ್ಡ ಬರುವಂತೆ ಮೌಸ್‌ನಿಂದ ತಿರುಗಿಸಿ. ತ್ರಿಭುಜ ಮುಚ್ಚಿಕೊಂಡಿತು! ನಿಜದಲ್ಲಿ ಆ ಎರಡು ತುದಿಗಳ ನಡುವೆ 17 ಸೆಂ.ಮೀ.ಗಿಂತ ಹೆಚ್ಚು ಅಂತರವಿದೆ, ಅಂದರೆ ಒಂದು ಅಂಚಿಗಿಂತಲೂ ಉದ್ದ. ದಪ್ಪ ತೊಲೆಯಾದರೆ ಹತ್ತಿರದ ತುದಿಯನ್ನು ತುಸು ಕತ್ತರಿಸಬೇಕು. ಇಲ್ಲದಿದ್ದರೆ ಅದು ಹಿಂದಿನ ತೊಲೆಯನ್ನು ಮರೆ ಮಾಡಿ ಗುಟ್ಟು ರಟ್ಟಾಗುತ್ತದೆ.

ಚಪ್ಪಟೆ ತೆರೆಯಲ್ಲಿ ಹಿಂದು-ಮುಂದು ತಿಳಿಯದು. ಚಿತ್ರದಲ್ಲಿ ತಾಗಿದ್ದು ನಿಜದಲ್ಲೂ ತಾಗಿದೆ ಎಂದು ಮಿದುಳು ನಂಬಿಬಿಡುತ್ತದೆ. ಎಂಜಿನಿಯರರು ಒಂದೇ ವಸ್ತುವನ್ನು ಮೇಲಿನಿಂದ, ಮುಂದಿನಿಂದ, ಪಕ್ಕದಿಂದ ಬೇರೆ ಬೇರೆ ಬರೆಯುವುದು ಇದಕ್ಕಾಗಿಯೇ.

ಕಂಪ್ಯೂಟರ್ ಇಲ್ಲವೇ? ಒಂದೇ ಅಳತೆಯ ಮೂರು ಕಸಬರಿಗೆ ಕಡ್ಡಿ, ಹಸಿ ಮಣ್ಣಿನ ಎರಡು ಉಂಡೆ ಸಾಕು. ಇರುವೆಯ ದಾರಿಯಂತೆ ಜೋಡಿಸಿ, ಒಂದು ಕಣ್ಣು ಮುಚ್ಚಿ, ತುದಿಗೆ ತುದಿ ಅಡ್ಡ ಬರುವವರೆಗೆ ತಿರುಗಿಸಿ. ತ್ರಿಭುಜ ಕಂಡೊಡನೆ ಇನ್ನೊಂದು ಕಣ್ಣನ್ನೂ ತೆರೆಯಿರಿ. ಏನಾಯಿತು? ಏಕೆ?